ಒಂದೇ ಜಾಲ, ಮೂರು ಸೂತ್ರ: ಭೂಕಂಪದಲ್ಲಿ ನೀರಿನ ಕೊಳವೆ ಎಷ್ಟು ಕಡೆ ಒಡೆದೀತು?

ನೆಲದಡಿಯ ನೀರಿನ ಕೊಳವೆಗಳಿಗೆ ಭೂಕಂಪದಿಂದಾಗುವ ಹಾನಿಯನ್ನು ಅಂದಾಜು ಮಾಡುವ ಮೂರು ಹೆಸರಾಂತ ಸೂತ್ರಗಳನ್ನು ಒಂದೇ ಜಾಲದ ನಕ್ಷೆಗೆ ಹಾಕಿ ನೋಡಿದೆ. ಮೂರೂ ಕೇಳುವ ಪ್ರಶ್ನೆ ಒಂದೇ: ನೆಲ ಅಲುಗುವ ಗರಿಷ್ಠ ವೇಗ ಇಷ್ಟಿದ್ದರೆ, ಪ್ರತಿ ಕಿಲೋಮೀಟರಿಗೆ ಎಷ್ಟು ಕಡೆ ದುರಸ್ತಿ ಬೇಕಾಗುತ್ತದೆ? ಉತ್ತರಗಳಿಗೆ ಮಾತ್ರ ತಾಳಮೇಳವಿಲ್ಲ.

ಹಳೆಯ ಎರಕದ ಕಬ್ಬಿಣದ ಸಣ್ಣ ಕೊಳವೆಯನ್ನು ತೆಗೆದುಕೊಳ್ಳೋಣ. ವೇಗ ಸೆಕೆಂಡಿಗೆ 20 ಸೆಂಟಿಮೀಟರ್ ಇದ್ದಾಗ ಹೇಜಸ್ (Hazus, ಅಮೆರಿಕ ಸರ್ಕಾರದ ವಿಪತ್ತು ನಷ್ಟ ಅಂದಾಜಿನ ವಿಧಾನ) ಸೂತ್ರ ಕಿಲೋಮೀಟರಿಗೆ 0.085 ದುರಸ್ತಿ ಎನ್ನುತ್ತದೆ. ಅಮೆರಿಕನ್ ಲೈಫ್‌ಲೈನ್ಸ್ ಅಲಯನ್ಸ್ (ನೀರು, ವಿದ್ಯುತ್ತಿನಂಥ ಅಗತ್ಯ ಜಾಲಗಳ ಸುರಕ್ಷತೆಗೆ ಕೆಲಸ ಮಾಡಿದ ಕೂಟ) 2001ರಲ್ಲಿ ಕೊಟ್ಟ ಸೂತ್ರ 0.048, 1995ರ ಕೋಬೆ ಭೂಕಂಪದ ಹಾನಿಯಿಂದ ರೂಪುಗೊಂಡ ಜಪಾನಿನ ಸೂತ್ರ 0.025. ವೇಗವನ್ನು 100ಕ್ಕೆ ಏರಿಸಿದರೆ ಅದೇ ಕ್ರಮದಲ್ಲಿ 3.2, 0.24, 1.0. ಹದಿಮೂರು ಪಟ್ಟು ಅಂತರವನ್ನು ಲೆಕ್ಕದ ಸಣ್ಣಪುಟ್ಟ ವ್ಯತ್ಯಾಸವೆಂದು ತಳ್ಳಿಹಾಕುವಂತಿಲ್ಲ.

ಈ ಅಂತರದ ಕಾರಣ ಸೂತ್ರಗಳ ಸ್ವಭಾವದಲ್ಲೇ ಇದೆ. ಹೇಜಸ್ ವೇಗವನ್ನು 2.25ರ ಘಾತಕ್ಕೆ ಏರಿಸುತ್ತದೆ. ಅದರ ಹಿಂದಿರುವ ದತ್ತಾಂಶದಲ್ಲಿ ಮೆಕ್ಸಿಕೋ ನಗರದ ಅನುಭವವೂ ಸೇರಿದೆ. ಆ ನಗರದ ಬಹುಭಾಗ ನಿಂತಿರುವುದು ಹಳೆಯ ಸರೋವರದ ಮೆತ್ತನೆಯ ಜೇಡಿಯ ಮೇಲೆ. ಮಣ್ಣಿನ ಎಳೆತವೆಂದರೆ ನೆಲದ ವೇಗವನ್ನು ಅಲೆಯ ವೇಗದಿಂದ ಭಾಗಿಸಿದಾಗ ಬರುವ ಪ್ರಮಾಣ; ಮೆತ್ತನೆಯ ನೆಲದಲ್ಲಿ ಅಲೆ ನಿಧಾನ, ಹಾಗಾಗಿ ಎಳೆತ ಹೆಚ್ಚು. ಗಟ್ಟಿ ನೆಲದ ಊರಿಗೆ ಹೇಜಸ್ ಅಂಕಿ ತಂದು ಬಜೆಟ್ ಕೇಳಿದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ಅಲಯನ್ಸ್ ಸೂತ್ರ ನೇರ ಗೆರೆ: ವೇಗ ದುಪ್ಪಟ್ಟಾದರೆ ಹಾನಿಯೂ ದುಪ್ಪಟ್ಟು. ಬಳಸುವುದು ಸುಲಭ. ಆದರೆ ಅದರಲ್ಲಿರುವ ಅಂಗುಲ ಮತ್ತು ಸಾವಿರ ಅಡಿಗಳ ಲೆಕ್ಕ ನನಗೆ ಕೊನೆಯವರೆಗೂ ಕಿರಿಕಿರಿಯೇ. ಜಪಾನಿನದು ವೇಗ 15 ದಾಟುವವರೆಗೆ ಸೊನ್ನೆ ಎನ್ನುತ್ತದೆ, ಆಮೇಲೆ ಚುರುಕಾಗಿ ಏರುತ್ತದೆ.

ಕಂಪನ ಬಿಟ್ಟು ನೆಲವೇ ಸರಿಯುವ ಪ್ರಶ್ನೆಗೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. ಮಣ್ಣು ದ್ರವೀಕರಣಗೊಂಡು, ಅಂದರೆ ನೀರು ತುಂಬಿದ ಮಣ್ಣು ಅಲುಗಾಟಕ್ಕೆ ದ್ರವದಂತಾಗಿ, 30 ಸೆಂಟಿಮೀಟರ್ ಜಾರಿದರೆ, ಕಂಪನದಲ್ಲಿ ಅಷ್ಟು ಸೌಮ್ಯವಾಗಿದ್ದ ಅಲಯನ್ಸ್ ಸೂತ್ರ ಕಿಲೋಮೀಟರಿಗೆ ಸುಮಾರು 7.6 ದುರಸ್ತಿ ಹೇಳುತ್ತದೆ. ಹೇಜಸ್, ದ್ರವೀಕರಣ ಖಚಿತವೆಂದು ಹಿಡಿದರೂ, ನಾಲ್ಕರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದು ನನಗೆ ಕಲಿಸಿದ್ದು ಇಷ್ಟೇ: ಯಾವ ಸೂತ್ರ ಎಂಬ ಚರ್ಚೆಗಿಂತ ದ್ರವೀಕರಣದ ನಕ್ಷೆ ಮುಖ್ಯ. ನದಿ ದಂಡೆಯ, ಕೆರೆ ತುಂಬಿ ಮಾಡಿದ ನೆಲದ ಅರ್ಧ ಕಿಲೋಮೀಟರ್ ಕೊಳವೆ ಉಳಿದ ಇಡೀ ಜಾಲದ ಕಂಪನದ ಹಾನಿಯನ್ನು ಮೀರಿಸಿಬಿಡಬಹುದು. ನಾನು ಈಗ ಆ ನಕ್ಷೆಯಿಂದಲೇ ಕೆಲಸ ಆರಂಭಿಸುತ್ತೇನೆ.

ಕೊಳವೆಯ ಜಾತಿಯ ವಿಷಯದಲ್ಲಿ ಜಪಾನಿನ ಸೂತ್ರವೇ ಮೇಲು. ವ್ಯಾಸ, ನೆಲದ ಬಗೆ, ದ್ರವೀಕರಣ, ಎಲ್ಲಕ್ಕೂ ಬೇರೆ ಬೇರೆ ಗುಣಕ (ಮೂಲ ಅಂಕಿಯನ್ನು ಗುಣಿಸುವ ಸಂಖ್ಯೆ) ಇದೆ. ಆದರೆ ಪಿವಿಸಿ ಬಗ್ಗೆ ಎಚ್ಚರ. ಹೇಜಸ್ ಅದನ್ನು ಬಾಗುವ ಗುಂಪಿಗೆ ಸೇರಿಸಿ 0.3ರಿಂದ ಗುಣಿಸುತ್ತದೆ, ಸಂದಿನಲ್ಲಿ ರಬ್ಬರ್ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಬಳೆ) ಇದ್ದರೆ ಅಲಯನ್ಸ್ 0.5 ಕೊಡುತ್ತದೆ, ಜಪಾನಿನದು ಎರಕದ ಕಬ್ಬಿಣಕ್ಕೆ ಸಮ, 1.0. ನಿಮ್ಮ ಪಿವಿಸಿಯ ಸಂದುಗಳು ಅಂಟಿನವೋ ಗ್ಯಾಸ್ಕೆಟ್‌ನವೋ ಎಂಬುದನ್ನು ಹಳೆಯ ದಾಖಲೆಯಲ್ಲಿ ಹುಡುಕದೆ ಗುಣಕ ಆರಿಸುವುದು ಕುರುಡು ಕೆಲಸ.

ಹೇಜಸ್‌ನಿಂದ ನಾನು ಉಳಿಸಿಕೊಂಡದ್ದು ಇನ್ನೊಂದು. ಕಂಪನದ ದುರಸ್ತಿಗಳಲ್ಲಿ 80 ಪ್ರತಿಶತ ಸೋರಿಕೆ, 20 ಪ್ರತಿಶತ ಪೂರ್ತಿ ಒಡೆತ. ನೆಲ ಸರಿದಲ್ಲಿ ಇದರ ತದ್ವಿರುದ್ಧ. ಬೆಂಕಿ ಆರಿಸಲು ಒತ್ತಡ ಉಳಿಯುತ್ತದೆಯೇ ಎಂಬ ಲೆಕ್ಕಕ್ಕೆ ಈ ವಿಭಜನೆ ಬಹಳ ಉಪಯುಕ್ತ. ಉಳಿದಂತೆ ಕಂಪನಕ್ಕೆ ಜಪಾನಿನ ಸೂತ್ರ, ಸರಿಯುವ ನೆಲಕ್ಕೆ ಅಲಯನ್ಸ್ ಸೂತ್ರ, ಇದು ನನ್ನ ಆಯ್ಕೆ. ದೊಡ್ಡ ವ್ಯಾಸದ ಬೆಸುಗೆಯ ಉಕ್ಕಿನ ಮಾರ್ಗ ಸ್ತರಭಂಗವನ್ನು (ಭೂಮಿಯ ಪದರಗಳು ಸೀಳಿ ಸರಿಯುವ ಬಿರುಕನ್ನು) ದಾಟುವ ಕಡೆ ಮೂರನ್ನೂ ಬದಿಗಿಟ್ಟು, ಮಣ್ಣನ್ನು ಸ್ಪ್ರಿಂಗ್‌ಗಳಂತೆ ಭಾವಿಸಿ ಎಳೆತವನ್ನೇ ನೇರವಾಗಿ ಲೆಕ್ಕ ಹಾಕುತ್ತೇನೆ.