ಈಗ ಕೇಳುತ್ತಿರುವುದು: ಭೀಮಸೇನ, ಗಂಗೂಬಾಯಿ, ಮನಸೂರ

ಹಿಂದೂಸ್ತಾನಿ ಸಂಗೀತ ಕೇಳುವ ಗೆಳೆಯರು ಸಿಕ್ಕರೆ ಮೊದಲ ಪ್ರಶ್ನೆಯೇ "ಈಗ ಏನ್ ಕೇಳ್ತಿದ್ದೀರಿ?" ಅಂತ. ಈ ಮಳೆಗಾಲದಲ್ಲಿ ನಾನು ಹೇಳುವುದು ಮೂವರು ಗಾಯಕರ ಹೆಸರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ. ಇವರನ್ನು ಬೇರೆ ಬೇರೆಯಾಗಿ ಕೇಳುತ್ತಿಲ್ಲ, ಒಬ್ಬರ ಪಕ್ಕ ಒಬ್ಬರನ್ನು ಇಟ್ಟು ಕೇಳುತ್ತಿದ್ದೇನೆ. ಇಬ್ಬರಲ್ಲಿ ಒಂದೇ ರಾಗ ಸಿಕ್ಕರೆ ಅದೇ ರಾಗ, ಅದೇ ಹೊತ್ತು, ಅದೇ ಸ್ಪೀಕರು.

ಮೂವರೂ ಹಳೆಯ ಧಾರವಾಡ ಜಿಲ್ಲೆಯ ನೆಲದವರು. ವಯಸ್ಸಿನಲ್ಲಿ ಮನಸೂರರು ಹಿರಿಯರು, ಹುಟ್ಟಿದ್ದು 1910ರಲ್ಲಿ. ಗಂಗೂಬಾಯಿ 1913, ಭೀಮಸೇನ 1922. ಯಾರು ದೊಡ್ಡವರು ಅನ್ನುವ ವಾದ ನನಗೆ ಬೇಡ. ದಿನಾ ಕೆಲಸ ಮುಗಿಸಿ ಬಂದು ಕೂತು ಕೇಳುವವರಿಗೆ ಯಾರು ಬೇಗ ಒಲಿಯುತ್ತಾರೆ, ಯಾರು ನಿಧಾನಕ್ಕೆ ಒಲಿಯುತ್ತಾರೆ, ಯಾರನ್ನು ಹೇಗೆ ಕೇಳಬೇಕು ಅನ್ನುವುದಷ್ಟೇ ನನ್ನ ಕುತೂಹಲ.

ಬೇಗ ಒಲಿಯುವವರು ಭೀಮಣ್ಣ. ಇದರಲ್ಲಿ ಅನುಮಾನವೇ ಇಲ್ಲ. ನಮ್ಮಲ್ಲಿ ಎಷ್ಟೋ ಜನ ರಾಗದ ಹೆಸರೇ ಗೊತ್ತಿಲ್ಲದ ವಯಸ್ಸಿನಲ್ಲೇ ಅವರ ದನಿ ಕೇಳಿದವರು. 1988ರಲ್ಲಿ ದೂರದರ್ಶನದಲ್ಲಿ ಬಂದ 'ಮಿಲೇ ಸುರ್' ಶುರುವಾಗುವುದೇ ಅವರಿಂದ. ಮನೆಯಲ್ಲಿ ಶುಕ್ರವಾರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಹಾಕುವವರಿಗಂತೂ ಅವರ ಪರಿಚಯ ಹೇಳಬೇಕಾಗಿಲ್ಲ. ಖಯಾಲ್, ಅಂದರೆ ಒಂದು ರಾಗವನ್ನು ಬಿಡಿಸಿ ಬೆಳೆಸುತ್ತಾ ಹಾಡುವ ಹಿಂದೂಸ್ತಾನಿ ಪ್ರಕಾರ, ಹೊಸದಾಗಿ ಕೇಳುವವರಿಗೆ ನಾನು ಕೊಡುವುದು ಅವರ ಪೂರಿಯಾ ಧನಾಶ್ರೀ. ಸಂಜೆ ದೀಪ ಹಚ್ಚುವ ಹೊತ್ತಿನ ರಾಗ. ನಿಧಾನಗತಿಯ ವಿಲಂಬಿತದಲ್ಲಿ ಅವರು ಒಂದೊಂದೇ ಸ್ವರ ಹತ್ತಿ ತಾರ ಷಡ್ಜದ, ಅಂದರೆ ಮೇಲಿನ 'ಸ'ದ ಹತ್ತಿರ ಬರುತ್ತಾರೆ. ಕೇಳುವವರು "ಈಗ ಮುಟ್ಟುತ್ತಾರೆ, ಈಗ ಮುಟ್ಟುತ್ತಾರೆ" ಅಂತ ಕಾಯುತ್ತಿರುವಾಗ ಅದರ ಕೆಳಗಿನ ನಿಷಾದದ ಮೇಲೆಯೇ ನಿಂತುಬಿಡುತ್ತಾರೆ. ಆಮೇಲೆ ಮುಟ್ಟಿದಾಗ ರಾಗ ಗೊತ್ತಿಲ್ಲದವರಿಗೂ ಏನೋ ಆಯಿತು ಅನ್ನುವುದು ತಿಳಿಯುತ್ತದೆ. ವೇಗದ ದ್ರುತ್‌ಗೆ ಬಂದ ಮೇಲೆ ಆ ತಾನ್‌ಗಳ, ಸರಸರನೆ ಹರಿಯುವ ಸ್ವರಗಳ ಓಟ ಬೇರೆ. ಬಸ್ಸಿನ ಗದ್ದಲದಲ್ಲಿ, ಸಾಧಾರಣ ಇಯರ್‌ಫೋನಿನಲ್ಲಿ ಕೇಳಿದರೂ ಅವರ ಹಾಡಿಕೆ ಮಸುಕಾಗುವುದಿಲ್ಲ.

ಗಂಗೂಬಾಯಿಯವರದು ಹಾಗಲ್ಲ. ಇಬ್ಬರೂ ಒಂದೇ ಗುರುವಿನ ಶಿಷ್ಯರು, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತವರು. ಸವಾಯಿ ಗಂಧರ್ವರು ಕಿರಾನಾ ಘರಾನಾದ, ಅಂದರೆ ಆ ಹೆಸರಿನ ಹಾಡಿಕೆಯ ಪರಂಪರೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. ಭೀಮಸೇನರು ಹುಡುಗನಾಗಿದ್ದಾಗ ಕರೀಂ ಖಾನರ ರೆಕಾರ್ಡು ಕೇಳಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದವರು, ಊರೂರು ಸುತ್ತಿ ಕೊನೆಗೆ ಕುಂದಗೋಳಕ್ಕೇ ಬಂದವರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗಿ ಬರುತ್ತಿದ್ದರು. ಒಂದೇ ಮನೆಯ ಪಾಠ, ಎರಡು ತೀರಾ ಬೇರೆ ಹಾಡಿಕೆ. ಇದನ್ನು ಪುಸ್ತಕದಲ್ಲಿ ಓದಿದರೆ ಗೊತ್ತಾಗುವುದಿಲ್ಲ, ಒಂದೇ ರಾಗದಲ್ಲಿ ಇಬ್ಬರನ್ನೂ ಕೇಳಬೇಕು.

ಅದಕ್ಕೆ ನಾನು ಆರಿಸಿಕೊಂಡದ್ದು ಶುದ್ಧ ಕಲ್ಯಾಣ ರಾಗ. ಕರ್ನಾಟಕ ಸಂಗೀತ ಕೇಳುವವರಿಗೆ ಇದು ಮೋಹನ ಕಲ್ಯಾಣಿಯನ್ನು ನೆನಪಿಸುತ್ತದೆ. ಏರುವಾಗ ಮೋಹನದ ಐದೇ ಸ್ವರ, ಇಳಿಯುವಾಗ ನಿಷಾದ ಮತ್ತು ತೀವ್ರ ಮಧ್ಯಮ ಸೇರುತ್ತವೆ. ಆದರೆ ಶುದ್ಧ ಕಲ್ಯಾಣದಲ್ಲಿ ಆ ಎರಡರ ಮೇಲೆ ನಿಲ್ಲುವಂತಿಲ್ಲ. ಮೇಲಿನ ಷಡ್ಜದಿಂದ ಧೈವತಕ್ಕೆ, ಪಂಚಮದಿಂದ ಗಾಂಧಾರಕ್ಕೆ ಮೀಂಡಿನಲ್ಲಿ ಜಾರುವಾಗ ಅವು ಸುಮ್ನೆ ಸೋಕಿ ಹೋಗಬೇಕು. ಜಾಸ್ತಿ ಸೋಕಿದರೆ ಯಮನ್ ರಾಗ ಆಗುತ್ತದೆ, ಸೋಕದೇ ಹೋದರೆ ಭೂಪ ರಾಗ. ಗಾಯಕರ ಹದ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ರಾಗ ನನಗಂತೂ ಸಿಕ್ಕಿಲ್ಲ.

ಭೀಮಸೇನರ ಶುದ್ಧ ಕಲ್ಯಾಣ ಮೇಲಕ್ಕೆ ಹೋಗುವ ರಾಗ. ಮಂದ್ರದಲ್ಲೇ, ಅಂದರೆ ಕೆಳಗಿನ ಸಪ್ತಕದಲ್ಲೇ ಶುರು ಮಾಡುತ್ತಾರೆ, ಮಂದ್ರ ಅವರಿಗೂ ಇಷ್ಟವೇ, ಆದರೆ ಅಲ್ಲಿರುವಾಗಲೇ ಮೇಲಿನ ಸಪ್ತಕದ ಸುಳಿವು ಕೊಡುತ್ತಿರುತ್ತಾರೆ. ಗಂಗೂಬಾಯಿಯವರ ಶುದ್ಧ ಕಲ್ಯಾಣ ಕೆಳಗೆ ಇರುವ ರಾಗ. ಮಂದ್ರದ ಧೈವತದಿಂದ ಷಡ್ಜಕ್ಕೆ, ಷಡ್ಜದಿಂದ ರಿಷಭಕ್ಕೆ, ಮತ್ತೆ ವಾಪಸ್ಸು. ಅಷ್ಟರಲ್ಲೇ ತಾಳದ ಆವರ್ತಗಳು, ಸುತ್ತುಗಳು ಕಳೆಯುತ್ತವೆ. ವಿಲಂಬಿತ ಏಕತಾಲಕ್ಕೆ ಹನ್ನೆರಡೇ ಮಾತ್ರೆ, ಆದರೆ ಕಿರಾನಾದವರು ಅದನ್ನು ಎಷ್ಟು ಹಿಗ್ಗಿಸುತ್ತಾರೆ ಅಂದರೆ ಒಂದು ಸಮ್ (ಸುತ್ತಿನ ಮೊದಲ ಮಾತ್ರೆ) ಆದ ಮೇಲೆ ಇನ್ನೊಂದು ಸಮ್ ಬರುವಷ್ಟರಲ್ಲಿ ಅವಸರದವರಿಗೆ ತಾಳವೇ ಮರೆತಿರುತ್ತದೆ. ಅವಸರವೇ ಇಲ್ಲದ ಆ ಹಾಡಿಕೆಯಲ್ಲಿ ಅವರು ಗಾಂಧಾರಕ್ಕೆ ಬಂದು ನಿಂತಾಗ, ಈ ಸ್ವರವನ್ನು ನಾನು ಇದುವರೆಗೆ ಸರಿಯಾಗಿ ಕೇಳಿಯೇ ಇರಲಿಲ್ಲವೇನೋ ಅನ್ನಿಸುತ್ತದೆ. ಅಲಂಕಾರ ಇಲ್ಲ. ನೇರ ಸ್ವರ, ಗಟ್ಟಿ ಸ್ವರ.

ಅವರ ದನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಸಲ ಕೇಳುವವರು "ಹಾಡ್ತಿರೋದು ಗಂಡಸರಾ?" ಅಂತ ಕೇಳುತ್ತಾರೆ. ಅವರ ಹಳೆಯ 78 ಆರ್‌ಪಿಎಂ ರೆಕಾರ್ಡುಗಳಲ್ಲಿ ದನಿ ತೆಳುವಾಗಿ, ಎತ್ತರದಲ್ಲಿದೆ. ಗಂಟಲಿಗೆ ಚಿಕಿತ್ಸೆಯಾದ ಮೇಲೆ ಅದು ಭಾರವಾಯಿತು, ಕೆಳಕ್ಕೆ ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಹಾಡುವುದನ್ನೇ ನಿಲ್ಲಿಸುತ್ತಿದ್ದರೋ ಏನೋ. ಅವರು ಆ ದನಿಗೆ ಒಪ್ಪುವ ಹಾಡಿಕೆಯನ್ನೇ ಕಟ್ಟಿಕೊಂಡರು. ಎರಡೂ ಕಾಲದ ಧ್ವನಿಮುದ್ರಣಗಳನ್ನು ಬೆನ್ನು ಬೆನ್ನಿಗೆ ಕೇಳಿ ನೋಡಿ. ನನಗೆ ಮೊದಲಿನ ದನಿ ಚೆಂದ ಅನ್ನಿಸುತ್ತದೆ, ಎರಡನೆಯದು ಮನಸ್ಸಿನಲ್ಲಿ ಉಳಿಯುತ್ತದೆ. ಕಛೇರಿಯ ಮುದ್ರಣ ಸಿಕ್ಕರೆ ಇನ್ನೂ ಒಳ್ಳೆಯದು. ಮಗಳು ಕೃಷ್ಣಾ ಹಾನಗಲ್ ಹಿಂದೆ ಕೂತು ಜೊತೆಗೆ ಹಾಡುತ್ತಾರೆ. ತಾಯಿ ಕೆಳಗೆ ಒಂದು ಸ್ವರ ಬಿಟ್ಟರೆ, ಮಗಳು ಅದನ್ನು ತನ್ನ ತೆಳುವಾದ ದನಿಯಲ್ಲಿ ಎತ್ತಿಕೊಂಡು ಒಂದಿಷ್ಟು ಮುಂದೆ ಒಯ್ದು ಮತ್ತೆ ತಾಯಿಗೇ ಒಪ್ಪಿಸುತ್ತಾರೆ. ಇದನ್ನು ಕೇಳುವಾಗ ನಾನು ರಾಗವನ್ನೂ ಮರೆತು ಆ ಇಬ್ಬರ ನಡುವಿನ ಕೊಡುಕೊಳ್ಳುವಿಕೆಯನ್ನೇ ಹಿಂಬಾಲಿಸುತ್ತೇನೆ.

ಒಂದು ಎಚ್ಚರಿಕೆ. ಗಂಗೂಬಾಯಿಯವರನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ. ಆ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಪೂರ್ತಿ ಸೋರಿಹೋಗುತ್ತದೆ, ತಂಬೂರಿಯ ಝೇಂಕಾರ ಇಲ್ಲವೇ ಇಲ್ಲ, ಉಳಿಯುವುದು ಒಣ ದನಿ ಮಾತ್ರ. ಎಷ್ಟೋ ಜನ ಹೀಗೆ ಕೇಳಿಯೇ "ನಮಗೆ ಹಿಡಿಸಲಿಲ್ಲ" ಅನ್ನುತ್ತಾರೆ. ಪಾಪ, ಅವರು ಕೇಳಿದ್ದು ಅರ್ಧ ದನಿ. ಸ್ವಲ್ಪ ದೊಡ್ಡ ಸ್ಪೀಕರು, ಇಲ್ಲವಾದರೆ ಕಿವಿ ಮುಚ್ಚುವಂಥ ಹೆಡ್‌ಫೋನು ಬೇಕೇ ಬೇಕು. ಹೊತ್ತು ರಾತ್ರಿ ಊಟ ಆದ ಮೇಲೆ.

ಇನ್ನು ಮನಸೂರರು. ಇಲ್ಲಿ ಹೋಲಿಕೆಯ ಅಳತೆಯೇ ಬದಲಾಗುತ್ತದೆ. ಅವರದು ಜೈಪುರ-ಅತ್ರೌಲಿ ಘರಾನಾ, ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಆಮೇಲೆ ಭುರ್ಜಿ ಖಾನರಲ್ಲಿ ಕಲಿತದ್ದು. ಅದಕ್ಕೂ ಮೊದಲು ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ. ಹಾಗಾಗಿ ಕಿರಾನಾದ ಆ ದೀರ್ಘ ಕಾಯುವಿಕೆ ಇಲ್ಲಿ ಸಿಗುವುದಿಲ್ಲ. ತಂಬೂರಿ ಶುರುವಾಯಿತು, ಎರಡು ಸಾಲು ಆಲಾಪ, ಆಗಲೇ ಬಂದಿಶ್ (ರಾಗಕ್ಕೆ ಕಟ್ಟಿದ ಹಾಡು) ಬಂತು, ತಬಲಾ ಬಂತು. ಹೆಚ್ಚಾಗಿ ಹದಿನಾರು ಮಾತ್ರೆಯ ತೀನ್‌ತಾಲ್, ಅದೂ ಎಳೆಯದೆ ನಡೆಯುವ ಲಯ. ಸ್ವರ ಲಯವನ್ನು ಬಿಟ್ಟು ಒಂದು ಕ್ಷಣವೂ ಇರುವುದಿಲ್ಲ. ಒಂದು ತಾನ್ ಹೊರಟರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಊಹಿಸಲಿಕ್ಕೆ ಆಗುವುದಿಲ್ಲ. ಇನ್ನೇನು ದಾರಿ ತಪ್ಪಿತು ಅನ್ನುವಷ್ಟರಲ್ಲಿ ಬಂದಿಶಿನ ಶುರುವಿನ ಸಾಲಾದ ಮುಖಡಾದ ಮೊದಲ ಮಾತು ಹಿಡಿದು ಸಮ್ಮಿಗೆ ಸರಿಯಾಗಿ ಬಂದು ಇಳಿಯುತ್ತಾರೆ.

ರಾಗಗಳೂ ಅಷ್ಟೆ. ಭೀಮಸೇನರು ತೋಡಿ, ಮಾರವಾ, ದರ್ಬಾರಿಯಂಥ ದೊಡ್ಡ ರಾಗಗಳನ್ನೇ ಮತ್ತೆ ಮತ್ತೆ ಹಾಡಿದವರು. ಮನಸೂರರ ಪಟ್ಟಿ ನೋಡಿದರೆ ಶಿವಮತ ಭೈರವ, ಬಸಂತಿ ಕೇದಾರ, ಏಕ ನಿಷಾದ ಬಿಹಾಗಡಾ, ಖಟ್. ಹೆಸರು ಕೇಳಿಯೇ ಹೊಸಬರು ಹೆದರಿ ಮುಂದಿನದಕ್ಕೆ ಹೋಗಿಬಿಡುತ್ತಾರೆ. ಹೆದರಬೇಕಾಗಿಲ್ಲ. ಬಸಂತಿ ಕೇದಾರ ಅಂದರೆ ಬಸಂತ್ ಮತ್ತು ಕೇದಾರ ಎರಡೂ ಸೇರಿದ್ದು. ಮೊದಲು ಈ ಎರಡು ರಾಗಗಳನ್ನು ಯಾರ ಕಂಠದಲ್ಲಾದರೂ ಸರಿ, ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಆಮೇಲೆ ಮನಸೂರರನ್ನು ಹಾಕಿ. ಬಸಂತ್‌ನಲ್ಲಿ ಇದ್ದಾರೆ ಅಂದುಕೊಂಡಿರುತ್ತೀರಿ, ಅದೇ ಉಸಿರಿನಲ್ಲಿ ಕೇದಾರದ ಮಧ್ಯಮ ಬಂದಿರುತ್ತದೆ. ಬೆಸುಗೆ ಎಲ್ಲಿ ಅಂತ ಹುಡುಕುತ್ತಾ ಮತ್ತೆ ಹಿಂದಕ್ಕೆ ಹಾಕಿ ಕೇಳುತ್ತೀರಿ. ನಾನಂತೂ ಹಾಗೆ ಹುಡುಕುತ್ತಲೇ ಇದ್ದೇನೆ. ಶಿವಮತ ಭೈರವದಲ್ಲೂ ಅದೇ ಕತೆ. ಭೈರವದ ಗಂಭೀರ ದಾರಿಯಲ್ಲಿ ನಡೆಯುತ್ತಿರುವಾಗ ಕೋಮಲ ಗಾಂಧಾರ ಬಂದು ತೋಡಿಯ ನೆರಳು ಬಿದ್ದು ಹೋಗುತ್ತದೆ.

ಹೀಗಾಗಿ ಮನಸೂರರು ಮೊದಲ ಸಲಕ್ಕೆ ಒಲಿಯುವವರಲ್ಲ. ದನಿಯೂ ಭೀಮಸೇನರಷ್ಟು ತುಂಬಿದ್ದಲ್ಲ, ವಯಸ್ಸಾದ ಮೇಲಿನ ಮುದ್ರಣಗಳಲ್ಲಿ ಇನ್ನೂ ಸಣ್ಣಗಾಗಿದೆ. ಆದರೆ ಮತ್ತೆ ಮತ್ತೆ ಕೇಳಿದಾಗ ಪ್ರತಿ ಸಲವೂ ಹೊಸದು ಸಿಗುವುದು ಅವರಲ್ಲಿಯೇ. ಇನ್ನೊಂದು ಅನುಕೂಲ ಇದೆ. ಮುದ್ರಣ ಎಷ್ಟೇ ಹಳೆಯದಿರಲಿ, ಟೇಪಿನ ಸುಯ್ ಸದ್ದು ಎಷ್ಟೇ ಇರಲಿ, ಅವರ ಹಾಡಿಕೆಗೆ ಧಕ್ಕೆಯಾಗುವುದಿಲ್ಲ. ಲಯದ ಹೆಣಿಗೆ ಯಾವ ಸ್ಪೀಕರಿನಲ್ಲೂ ಕೇಳುತ್ತದೆ. ಬೆಳಗ್ಗೆ ಅಡುಗೆಮನೆಯಲ್ಲಿ ಒಗ್ಗರಣೆ ಸದ್ದಿನ ನಡುವೆಯೂ ಕೇಳಿದ್ದೇನೆ, ಸಮ್ ಒಂದೂ ತಪ್ಪಿಲ್ಲ.

ಈ ಮೂವರ ಸಾಲಿಗೆ ಕುಮಾರ ಗಂಧರ್ವರನ್ನೂ ಸೇರಿಸಬೇಕು ಅಂತ ಗೆಳೆಯರೊಬ್ಬರ ಹಟ. ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿ ದೇವಾಸದಲ್ಲಿ ನೆಲೆಸಿದ ಅವರ ಕಬೀರ ಭಜನೆಗಳನ್ನು ನಾನೂ ಪ್ರೀತಿಯಿಂದ ಕೇಳುತ್ತೇನೆ. ಆದರೆ ಅವರು ಯಾವ ಸಾಲಿಗೂ ಸೇರುವವರಲ್ಲ. ಹೋಲಿಸಲು ಕೂತರೆ ಹೋಲಿಕೆಯೇ ಮುರಿದುಹೋಗುತ್ತದೆ. ಅವರಿಗೆ ಬೇರೆ ಮಳೆಗಾಲವೇ ಬೇಕು.

ಆ್ಯಪ್‌ಗಳಲ್ಲಿ ಕೇಳುವವರಿಗೆ ಒಂದು ಮಾತು. ನಾನು ಬಳಸುವ ಆ್ಯಪಿನಲ್ಲಿ ವಿಲಂಬಿತವನ್ನೂ ದ್ರುತ್ತನ್ನೂ ಎರಡು ತುಂಡು ಮಾಡಿ ಹಾಕಿದ್ದಾರೆ. ಷಫಲ್ ಆನ್ ಇದ್ದರೆ ಮೊದಲು ದ್ರುತ್ ಬರುತ್ತದೆ, ನಡುವೆ ಇನ್ಯಾವುದೋ ಸಿನಿಮಾ ಹಾಡು, ಆಮೇಲೆ ವಿಲಂಬಿತ. ತಬಲಾ ಯಾರು, ಪೇಟಿ (ಹಾರ್ಮೋನಿಯಂ) ಯಾರು ಅಂತ ಒಂದು ಅಕ್ಷರ ಇಲ್ಲ. ಹಳೆಯ ಎಲ್‌ಪಿ ಕವರುಗಳ ಹಿಂಬದಿಯಲ್ಲಿ ಎಲ್ಲ ಬರೆದಿರುತ್ತಿತ್ತು. ಷಫಲ್ ಆಫ್ ಮಾಡಿ, ಎರಡೂ ತುಂಡನ್ನು ನೀವೇ ಪ್ಲೇಲಿಸ್ಟಿನಲ್ಲಿ ಒಟ್ಟಿಗೆ ಜೋಡಿಸಿಕೊಳ್ಳಿ. 2016ರಲ್ಲಿ ಬೆಂಗಳೂರಿನಿಂದ ಶುರುವಾದ ಆಕಾಶವಾಣಿಯ ರಾಗಂ ವಾಹಿನಿಯಲ್ಲಿ ಈ ತೊಂದರೆ ಇಲ್ಲ. ಹಾಡುವವರ, ನುಡಿಸುವವರ ಹೆಸರನ್ನು ಉದ್ಘೋಷಕರು ಹೇಳುತ್ತಾರೆ. ಆದರೆ ನಮಗೆ ಬೇಕಾದವರು ಬೇಕಾದಾಗ ಸಿಗಬೇಕಲ್ವಾ, ಅದಕ್ಕೆ ಹೋಲಿಸಿ ಕೇಳಲು ಪ್ಲೇಲಿಸ್ಟೇ ಸರಿ.

ಕೊನೆಗೆ ಕನ್ನಡದ ಪದಗಳು. ಖಯಾಲ್ ಬೇಡ ಅನ್ನುವವರಿಗೂ ಇಲ್ಲಿ ಒಂದು ಒಳ್ಳೆಯ ಹೋಲಿಕೆ ಇದೆ. ಭೀಮಸೇನರ ದಾಸರ ಪದಗಳು ಮನೆ ತುಂಬುವಂಥವು. ಹಬ್ಬದ ದಿನ ನೆಂಟರೆಲ್ಲ ಇರುವಾಗ ಹಾಕಿದರೆ ಅಡುಗೆಮನೆಯಿಂದ ಅತ್ತೆಯೂ ದನಿಗೂಡಿಸುತ್ತಾರೆ. ಮನಸೂರರು ಹಾಡಿದ ಅಕ್ಕಮಹಾದೇವಿಯ 'ಅಕ್ಕ ಕೇಳವ್ವಾ' ವಚನಕ್ಕೆ ಯಾರೂ ದನಿಗೂಡಿಸಲಾರರು. ಕನಸನ್ನು ಸಖಿಗೆ ಹೇಳುವ ವಚನ ಅದು. ಅವರು ಅದನ್ನು ಜನರ ಎದುರು ಹಾಡಿದಂತೆ ಹಾಡುವುದಿಲ್ಲ, ಎದುರಿಗಿರುವ ಒಬ್ಬಳಿಗೇ ಹೇಳಿದಂತೆ ಹಾಡುತ್ತಾರೆ. ಖಯಾಲಿನಲ್ಲಿ ನನ್ನನ್ನು ಅಷ್ಟು ದಿನ ಕಾಯಿಸಿದ ಮನಸೂರರು ವಚನದಲ್ಲಿ ಮೊದಲ ಸಲಕ್ಕೇ ಒಲಿದರು. ಹಾಗಾಗಿ ಅವರ ರಾಗಗಳು ಕಷ್ಟ ಅನ್ನುವವರಿಗೆ ಈಗ ನಾನು ಮೊದಲು ಕೊಡುವುದು ಆ ವಚನ, ಆಮೇಲೆ ಬಸಂತಿ ಕೇದಾರ.