ಗಾಡಿ ಎತ್ತರಿಸಲು ಹೊರಟಿರುವ ಕೊಡಗಿನ ಗೆಳೆಯರಿಗೆ: 28 ಸಾವಿರ ಎಂದದ್ದು 2.70 ಲಕ್ಷಕ್ಕೆ ಮುಟ್ಟಿತು

ಕಳೆದ ಎರಡು ತಿಂಗಳಲ್ಲಿ ಮೂವರು ನನ್ನನ್ನು ಒಂದೇ ಮಾತು ಕೇಳಿದ್ದಾರೆ: "ನಿಮ್ಮ ಥಾರ್ ಜೀಪು ಎತ್ತರಿಸಿದ್ದು ಎಲ್ಲಿ, ಎಷ್ಟಾಯಿತು?" ಮೂವರೂ ತೋಟದವರು, ಮೂವರಿಗೂ ಮಳೆಗಾಲಕ್ಕೆ ಮೊದಲು ಕೆಲಸ ಮುಗಿಯಬೇಕು. ಅವರಿಗೆ ಎದುರು ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗಾಡಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಕಂಪನಿಯಿಂದ ಬಂದ ಹಾಗೆಯೇ ಬಿಟ್ಟಿದ್ದರೆ ಅದು ಚೆನ್ನಾಗಿಯೇ ಇರುತ್ತಿತ್ತು.

ನಮ್ಮ ತೋಟ ಕಕ್ಕಬ್ಬೆಯ ಬಳಿ. ಡಾಂಬರು ರಸ್ತೆಯಿಂದ ಕಣದವರೆಗಿನ ಮಣ್ಣಿನ ದಾರಿಯಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ಟ್ರ್ಯಾಕ್ಟರ್ ಓಡಾಡಿ, ಎರಡು ಕಡೆ ಗಾಲಿಯ ಜಾಡು ಆಳವಾಗಿ ಕೊರೆದು, ನಡುವೆ ದಿಣ್ಣೆ ಎದ್ದಿತ್ತು. ಆ ದಿಣ್ಣೆಗೆ ಗಾಡಿಯ ಹಿಂದಿನ ಡಿಫರೆನ್ಷಿಯಲ್, ಅಂದರೆ ಆಕ್ಸಲಿನ ನಡುವೆ ಇರುವ ಗೇರುಗಳ ಗುಂಡು, ಉಜ್ಜುತ್ತಿತ್ತು. ಪ್ರತಿ ಬಾರಿ ಆ ಸದ್ದು ಕೇಳಿದಾಗ ಹೊಟ್ಟೆ ಹಿಂಡಿದಂತಾಗುತ್ತಿತ್ತು. ರೊಬಸ್ಟಾ ಮಾರಿದ ಹಣ ಕೈಗೆ ಬಂದ ಮಾರ್ಚ್ ತಿಂಗಳಲ್ಲಿ, ಜಿಲ್ಲೆಯ ಹೊರಗಿನ ಒಂದು ಅಂಗಡಿಗೆ ಹೋದೆ. ಎರಡು ಇಂಚು ಎತ್ತರಿಸಲು ಸ್ಪೇಸರ್ (ಸ್ಪ್ರಿಂಗಿಗೆ ಎತ್ತರ ಕೊಡುವ ದಪ್ಪ ಬಿಲ್ಲೆ) ಮತ್ತು ಕೂಲಿ ಸೇರಿ 28,000 ರೂಪಾಯಿ ಎಂದರು. ಅರ್ಧ ದಿನದ ಕೆಲಸ, ಬೇರೇನೂ ಬದಲಿಸಬೇಕಿಲ್ಲ ಎಂದರು. ಎತ್ತರಿಸಿದ ಗಾಡಿಗೆ ಸಣ್ಣ ಟಯರ್ ಕಾಣಿಸುವುದು ಚೆನ್ನಾಗಿರುವುದಿಲ್ಲವೆಂದು 285/75 ಆರ್16 ಅಳತೆಯ ನಾಲ್ಕು ಟಯರುಗಳನ್ನೂ ಹಾಕಿಸಿದರು. ಅದಕ್ಕೆ 70,000.

ಮನೆಗೆ ಬಂದ ಮೊದಲ ಸಂಜೆಯೇ ಡಿಫರೆನ್ಷಿಯಲ್ ದಿಣ್ಣೆಗೆ ತಗುಲಿತು.

ಪಕ್ಕದ ತೋಟದ ಮಾವ ಸೇನೆಯ ಇ.ಎಂ.ಇ. ವಿಭಾಗದಲ್ಲಿ ಇಪ್ಪತ್ತು ವರ್ಷ ವಾಹನಗಳ ಕೆಲಸ ಮಾಡಿ ನಿವೃತ್ತರಾದವರು. ಮರುದಿನ ಅವರನ್ನು ಕರೆದೆ. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಹೋದವರು ಟೇಪು ಹಿಡಿದು ಅಳೆದು, ಹೊರಗೆ ಬಂದು ಕೇಳಿದರು: "ನಿನಗೆ ತಗುಲುತ್ತಿದ್ದದ್ದು ಹಿಂದಿನ ಗುಂಡು. ಅದು ಟಯರಿನ ಮೇಲೆ ನಿಂತಿದೆ, ಸ್ಪ್ರಿಂಗಿನ ಮೇಲಲ್ಲ. ನೀನು ಎತ್ತಿಸಿದ್ದು ಯಾವುದನ್ನು?"

ಈ ಮಾತನ್ನು ದಯವಿಟ್ಟು ಎರಡು ಸಲ ಓದಿ. ಥಾರಿನ ಹಿಂದಿನ ಆಕ್ಸಲ್ ಇಡೀ ಒಂದೇ ತುಂಡು. ಎರಡು ಚಕ್ರಗಳ ನಡುವೆ ತೊಲೆಯಂತೆ ಇರುತ್ತದೆ. ಸ್ಪ್ರಿಂಗಿಗೆ ಸ್ಪೇಸರ್ ಕೊಟ್ಟರೆ ಮೇಲಿನ ಚಾಸಿ ಮತ್ತು ಬಾಡಿ ಏಳುತ್ತವೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ಏಳಿಸುವುದು ಟಯರ್ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟು. ನನ್ನ ಮೊದಲಿನ ಟಯರ್ 245/75 ಆರ್16, ವ್ಯಾಸ ಸುಮಾರು 774 ಮಿಲಿಮೀಟರ್. ಹೊಸದು ಸುಮಾರು 834. ಆದ್ದರಿಂದ ಹಿಂದಿನ ಗುಂಡು ಎದ್ದದ್ದು ಮೂರೇ ಸೆಂಟಿಮೀಟರ್. ಆ ಮೂರು ಸೆಂಟಿಮೀಟರಿನಲ್ಲಿ 28,000 ರೂಪಾಯಿಯ ಪಾಲು ಸೊನ್ನೆ.

ಮುಂದಿನ ಭಾಗದ ಕಥೆ ಬೇರೆ, ಅಲ್ಲಿಯೇ ಹಣ ಸೋರಿದ್ದು. ಮುಂದಿನ ಚಕ್ರಗಳು ಒಂದೊಂದೂ ಬೇರೆ ಬೇರೆಯಾಗಿ ತೂಗುತ್ತವೆ. ಅಲ್ಲಿ ಡಿಫರೆನ್ಷಿಯಲ್ ಚಾಸಿಯ ಜೊತೆ ಮೇಲೇರುತ್ತದೆ, ಚಕ್ರ ನೆಲದಲ್ಲೇ ಉಳಿಯುತ್ತದೆ. ಎರಡನ್ನೂ ಜೋಡಿಸುವ ಡ್ರೈವ್ ಶಾಫ್ಟ್ ಕೆಳಮುಖವಾಗಿ ಓರೆಯಾಗುತ್ತದೆ. ಅದರ ಕೀಲಿನ ಮೇಲಿನ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ನನ್ನ ಎಡಗಡೆಯದು ಮೇ ತಿಂಗಳಲ್ಲಿ ಹರಿದಿತ್ತು, ನನಗೆ ತಿಳಿಯಲಿಲ್ಲ. ಗ್ರೀಸ್ ಹೊರಹೋಗಿ ಕೆಸರು ಒಳಹೋಯಿತು. ತಿರುವಿನಲ್ಲಿ ಟಕ್ ಟಕ್ ಸದ್ದು ಬಂದಾಗ ಕಾಲ ಮೀರಿತ್ತು. ಶಾಫ್ಟಿಗೆ 26,500. ವಾರಂಟಿಯಲ್ಲಿ ಕೊಡಿ ಎಂದು ಕಂಪನಿಯವರನ್ನು ಕೇಳಿದರೆ ಸ್ಪೇಸರ್ ತೋರಿಸಿ ಆಗುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ವೀಲ್ ಅಲೈನ್‌ಮೆಂಟ್ ಮೂರು ಸಲ ಮಾಡಿಸಿದೆ, 4,500. ಮೂರನೆಯ ಸಲ ಆ ಹುಡುಗ ಪಾಪ, ಹಣ ಬೇಡ ಎನ್ನಲು ಹೊರಟ. "ಅಣ್ಣಾ, ಮೇಲಿನ ಆರ್ಮ್ ಬದಲಿಸದೆ ಇದು ಕೂರುವುದಿಲ್ಲ" ಎಂದ. ಅಷ್ಟರಲ್ಲಿ ಹೊಸ ಟಯರುಗಳ ಒಂದು ಅಂಚು ಸವೆದಾಗಿತ್ತು. ಮುಂದಿನ ಚಕ್ರಗಳನ್ನು ಮೇಲ್ಗಡೆಯಿಂದ ಚಾಸಿಗೆ ಹಿಡಿದಿಡುವ ಆ ಕಂಟ್ರೋಲ್ ಆರ್ಮ್ ಜೋಡಿಗೆ 38,000. ಹಿಂದೆ ಹಳೆಯ ಶಾಕ್ ಅಬ್ಸಾರ್ಬರುಗಳನ್ನೇ ಬಿಟ್ಟಿದ್ದರು. ಸ್ಪ್ರಿಂಗ್ ಎತ್ತರವಾದ್ದರಿಂದ ಅವು ಪ್ರತಿ ಗುಂಡಿಯಲ್ಲೂ ಪೂರ್ತಿ ಚಾಚಿ ಬಡಿದು ಎಣ್ಣೆ ಸೋರಿದವು, 9,800. ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎ.ಬಿ.ಎಸ್. ಸೆನ್ಸರಿನ ತಂತಿ ಬಿಗಿದು ತುಂಡಾಯಿತು, 6,200.

ಸ್ಟೆಪ್ನಿಯ ವಿಷಯವನ್ನು ಅಂಗಡಿಯವರು ಎತ್ತಲೇ ಇಲ್ಲ. ಪಾಡಿ ಇಗ್ಗುತ್ತಪ್ಪ ದೇವಸ್ಥಾನದಿಂದ ಬರುವಾಗ ಪಂಕ್ಚರ್ ಆಯಿತು. ಬಾಗಿಲ ಮೇಲಿದ್ದದ್ದು ಹಳೆಯ ಅಳತೆಯ ಟಯರ್, ಆರು ಸೆಂಟಿಮೀಟರ್ ಚಿಕ್ಕದು. ಅಳತೆ ಬೇರೆಯಾದ ಟಯರ್ ಹಾಕಿಕೊಂಡು ಫೋರ್ ವೀಲ್ ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲುಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ನೋಡುತ್ತವೆ, ಎಳೆದಾಟ ಎರಡೂ ಆಕ್ಸಲುಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೀಳುತ್ತದೆ. ಅಂದು ಕೆಸರಿನ ದಾರಿಯ ಆಚೆಯೇ ಗಾಡಿ ನಿಲ್ಲಿಸಿ ಮನೆಗೆ ನಡೆದೆ. ಐದನೆಯ ಟಯರಿಗೆ 17,500.

ಹಣದ ಮಾತು ಇಷ್ಟಾದರೆ ನಾನು ಬರೆಯುತ್ತಿರಲಿಲ್ಲವೇನೋ. ಜುಲೈಯಲ್ಲಿ ಅವ್ವನನ್ನು ಆಸ್ಪತ್ರೆಗೆಂದು ಮಡಿಕೇರಿಗೆ ಕರೆದುಕೊಂಡು ಹೊರಟಿದ್ದೆ. ಎತ್ತರಿಸಿದ ಮೇಲೆ ಅವರಿಗೆ ಗಾಡಿ ಹತ್ತಲು ಸ್ಟೂಲ್ ಬೇಕಾಗಿತ್ತು. ಅಂದೂ ಸ್ಟೂಲ್ ಹಿಂದಿತ್ತು. ನಾಪೋಕ್ಲು ದಾಟಿ ಮೂರ್ನಾಡಿನ ಕಡೆಗೆ ಹೋಗುವ ಒಂದು ತಿರುವಿನಲ್ಲಿ, ಜಡಿಮಳೆಯಲ್ಲಿ, ಎದುರಿನಿಂದ ಪಿಕಪ್ ಬಂತು. ಎಡಕ್ಕೆ ಎಳೆದೆ. ಮೊದಲಾಗಿದ್ದರೆ ಗಾಡಿ ಬಾಗಿ ಮತ್ತೆ ನಿಲ್ಲುತ್ತಿತ್ತು. ತೂಕ ಮೇಲಕ್ಕೆ ಹೋದ ಗಾಡಿ ಬಾಗುತ್ತಲೇ ಹೋಯಿತು, ಎಡಗಡೆಯ ಎರಡೂ ಚಕ್ರಗಳು ಚರಂಡಿಗೆ ಇಳಿದು ಬರೆಗೆ, ಅಂದರೆ ರಸ್ತೆ ಬದಿಯ ಮಣ್ಣಿನ ಗೋಡೆಗೆ, ಒರಗಿ ನಿಂತಿತು. ಬರೆ ಇಲ್ಲದ ಕಡೆ, ಇಳಿಜಾರಿನ ಬದಿಯಲ್ಲಿ ಇದು ಆಗಿದ್ದರೆ ಎಂದು ಯೋಚಿಸಲು ಈಗಲೂ ನನಗೆ ಧೈರ್ಯ ಸಾಲುವುದಿಲ್ಲ. ಅವ್ವನ ಭುಜ ಒಂದು ವಾರ ಬಾವು ಬಂದಿತ್ತು. ಮೀಟರಿನಲ್ಲಿ ಕಂಡ ವೇಗವೂ ನಿಜವಲ್ಲವೆಂದು ಆಮೇಲೆ ತಿಳಿಯಿತು: ಅಷ್ಟು ದೊಡ್ಡ ಟಯರ್ ಹಾಕಿದರೆ ಮೀಟರ್ 60 ತೋರಿಸುವಾಗ ಗಾಡಿ ಸುಮಾರು 65ರಲ್ಲಿ ಓಡುತ್ತಿರುತ್ತದೆ.

ವಿಮೆಯ ಸರ್ವೇಯರ್ ಬಂದು ಮೊದಲು ನೋಡಿದ್ದು ಸ್ಪೇಸರುಗಳನ್ನು. ಬದಲಾವಣೆಯನ್ನು ತಿಳಿಸಿದ್ದಿರಾ, ನೋಂದಣಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ಕೇಳಿದರು. ಎರಡೂ ಇಲ್ಲ. ಪರಿಹಾರ ಸಿಗಲಿಲ್ಲ, ದುರಸ್ತಿಯ 61,000 ನಾನೇ ಕೊಟ್ಟೆ. ಆಗಲೇ ನಾನು ಕಾನೂನು ಓದಿದ್ದು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾಲೀಕನಿಗೆ ಎಂಬುದನ್ನು ಗಮನಿಸಿ. ನನ್ನ ಅಂಗಡಿಯವರು ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಬಿಲ್ಲಿನಲ್ಲಿ ಬರೆದದ್ದೂ "ಸಸ್ಪೆನ್ಷನ್ ಕೆಲಸ" ಎಂದಷ್ಟೇ.

ಮತ್ತೆ ಮೊದಲಿನ ಹಾಗೆ ಇಳಿಸಲು 8,500 ಕೂಲಿ. ಹಳೆಯ ಟಯರುಗಳನ್ನು ಮಾರದೆ ಸ್ಟೋರಿನಲ್ಲಿ ಇಟ್ಟಿದ್ದೆ, ಅಷ್ಟು ಉಳಿಯಿತು. ಎಲ್ಲ ಸೇರಿ 2,70,000 ರೂಪಾಯಿ.

ಮಳೆ ನಿಂತ ಮೇಲೆ ಮಾವನ ಮಾತು ಕೇಳಿ ಜೆ.ಸಿ.ಬಿ. ತರಿಸಿ ನಡುವಿನ ದಿಣ್ಣೆಯನ್ನು ಕೆತ್ತಿಸಿದೆ, ಜಾಡುಗಳಿಗೆ ಎರಡು ಟ್ರ್ಯಾಕ್ಟರ್ ಕಲ್ಲು ತುಂಬಿಸಿದೆ, ದಾರಿಯ ಮೇಲ್ಬದಿಗೆ ನೀರು ಹೋಗಲು ಕಣಿ ತೆಗೆಸಿದೆ. 14,000 ಆಯಿತು. ಆಮೇಲೆ ಡಿಫರೆನ್ಷಿಯಲ್ ಒಮ್ಮೆಯೂ ತಗುಲಿಲ್ಲ.

ಈಗಾಗಲೇ ಎತ್ತರಿಸಿರುವವರು ಈ ವಾರವೇ ಗಾಡಿಯ ಕೆಳಗೆ ಮಲಗಿ ನೋಡಿ. ಮುಂದಿನ ಚಕ್ರಗಳ ಒಳಬದಿಯಲ್ಲಿ, ರಿಮ್ಮಿನ ಮೇಲೆ ಗ್ರೀಸ್ ಚಿಮ್ಮಿದ ಗುರುತು ಇದ್ದರೆ ಬೂಟ್ ಹರಿದಿದೆ. ಆ ದಿನವೇ ಬೂಟ್ ಮಾತ್ರ ಬದಲಿಸಿದರೆ ಶಾಫ್ಟ್ ಉಳಿಯುತ್ತದೆ. ಜಾಕ್ ಹಾಕಿ ಚಕ್ರವನ್ನು ಪೂರ್ತಿ ತೂಗಲು ಬಿಟ್ಟು ಬ್ರೇಕ್ ಹೋಸ್ (ಬ್ರೇಕಿನ ಎಣ್ಣೆ ಹರಿಯುವ ರಬ್ಬರ್ ಕೊಳವೆ) ಮತ್ತು ಸೆನ್ಸರ್ ತಂತಿ ಎಳೆದು ಬಿಗಿಯಾಗಿವೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಬ್ರೇಕ್ ಹೋಸ್ ಬಿಗಿಯಾಗಿದ್ದರೆ ಅದನ್ನು ಸರಿಪಡಿಸುವವರೆಗೆ ಗಾಡಿಯನ್ನು ಘಾಟಿಗೆ ಇಳಿಸಬೇಡಿ.