ಇಳಿಜಾರು ಅಂಗಳದವರಿಗೆ ಟರ್ಬೋ ಟೈಮರ್ ಬೇಕೇ?

ಟರ್ಬೋ (ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನಿಗೆ ಹೆಚ್ಚು ಗಾಳಿ ನೂಕುವ ಸಾಧನ) ತಣಿಯಲೆಂದು ಕೀಲಿ ತೆಗೆದ ಮೇಲೂ ಒಂದೆರಡು ನಿಮಿಷ ಎಂಜಿನ್ ಓಡಿಸಿ ತಾನಾಗಿ ಆಫ್ ಮಾಡುವ ಟೈಮರ್ ಒಂದು ಕಡೆ. ಕೊನೆಯ ಎರಡು ಕಿಲೋಮೀಟರ್ ಮೆಲ್ಲನೆ ಬಂದು, ಬೇಕೆನಿಸಿದರೆ ಒಂದು ನಿಮಿಷ ಸೀಟಿನಲ್ಲೇ ಕೂತು ಆಫ್ ಮಾಡುವ ಅಭ್ಯಾಸ ಇನ್ನೊಂದು ಕಡೆ. ಎರಡನ್ನೂ ಕಾಸರಗೋಡಿನ ರಸ್ತೆಗಳಲ್ಲಿ ಬಳಸಿ ನೋಡಿದರೆ ಅಭ್ಯಾಸವೇ ಗೆಲ್ಲುತ್ತದೆ. ಟೈಮರ್ ತನ್ನ ಕೆಲಸವನ್ನೇನೋ ಮಾಡುತ್ತದೆ. ನಮ್ಮ ಗುಡ್ಡೆ-ಬೈಲುಗಳ ಮನೆಗಳಿಗೆ ಅದು ಹೊಂದುವುದಿಲ್ಲ, ಅಷ್ಟೆ.

ಟರ್ಬೋದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುವುದು ಆಯಿಲ್‌ನ ತೆಳು ಪದರದ ಮೇಲೆ. ಎಂಜಿನ್ ನಿಂತರೆ ಆಯಿಲ್ ಪಂಪೂ ನಿಂತಿತು. ಎಕ್ಸಾಸ್ಟ್ ಕಡೆಯ ಕವಚದ ಬಿಸಿ ಆಗ ಬೇರಿಂಗಿಗೆ ಇಳಿದು, ಅಲ್ಲಿ ಉಳಿದ ಆಯಿಲ್ ಸುಟ್ಟು ಕರಿಗಟ್ಟುತ್ತದೆ. ವರ್ಷಗಟ್ಟಲೆ ಹೀಗಾದರೆ ಆಯಿಲ್ ಬರುವ ದಾರಿ ಕಿರಿದಾಗಿ ಬೇರಿಂಗ್ ಸವೆಯುತ್ತದೆ.

ಆದರೆ ಗಾಡಿ ಅಷ್ಟು ಬಿಸಿಯಲ್ಲಿ ನಿಲ್ಲುವುದು ಎಲ್ಲಿ? ಸಂಪಾಜೆ ಘಾಟಿ ಹತ್ತಿ ಮಡಿಕೇರಿಯಲ್ಲಿ ನಿಲ್ಲಿಸಿದ ತಕ್ಷಣ. ಆರು ಪಥದ ಹೆದ್ದಾರಿಯಲ್ಲಿ ನೂರರಲ್ಲಿ ಬಂದು ನೇರ ಹೋಟೆಲಿನೆದುರು ತಿರುಗಿಸಿದಾಗ. ಅದೇ ಘಾಟಿ ಇಳಿಯುವಾಗ ಕಾಲು ಆಕ್ಸಿಲರೇಟರಿನ ಮೇಲೆ ಇರುವುದೇ ಕಡಿಮೆ, ಟರ್ಬೋ ದಾರಿಯಲ್ಲೇ ತಣಿಯುತ್ತದೆ. ಬದಿಯಡ್ಕ, ಪೆರ್ಲದ ಒಳರಸ್ತೆಗಳಲ್ಲಿ ಎರಡನೇ, ಮೂರನೇ ಗೇರಿನಲ್ಲಿ ತೋಟದ ನಡುವೆ ಮನೆ ಸೇರುವವರಿಗೆ ಟೈಮರ್ ಮಾಡುವ ಕೆಲಸವನ್ನು ರಸ್ತೆಯೇ ಮಾಡಿರುತ್ತದೆ.

ಇನ್ನು ಮುಖ್ಯ ತಕರಾರು. ಟೈಮರ್ ಓಡುತ್ತಿರುವಾಗ ಮ್ಯಾನುವಲ್ ಗಾಡಿ ನ್ಯೂಟ್ರಲ್‌ನಲ್ಲೇ ಇರಬೇಕು. ಗುಡ್ಡೆಯಿಂದ ಬೈಲಿಗೆ ಇಳಿಯುವ ಕಾಂಕ್ರೀಟ್ ದಾರಿಯಲ್ಲಿ ಗಾಡಿ ನಿಲ್ಲಿಸುವವರು ಏನು ಮಾಡುತ್ತಾರೆ? ಮುಖ ಮೇಲಕ್ಕಿದ್ದರೆ ಫಸ್ಟ್, ಕೆಳಕ್ಕಿದ್ದರೆ ರಿವರ್ಸ್ ಹಾಕಿ, ಚಕ್ರಕ್ಕೊಂದು ಕಲ್ಲು ಕೊಡುತ್ತಾರೆ. ಟೈಮರ್ ಇದ್ದರೆ ಗೇರಿನ ಆಸರೆ ಇಲ್ಲ. ಹ್ಯಾಂಡ್‌ಬ್ರೇಕ್ ಒಂದೇ ಗತಿ. ಎಂಜಿನ್ ನಿಂತ ಮೇಲೆ ವಾಪಸು ಬಂದು ಗೇರ್ ಹಾಕುವುದಾದರೆ ಆ ಸಾಧನ ಯಾಕೆ?

ಹಿಂದೆ ಡಿಸ್ಕ್ ಬ್ರೇಕ್ ಇರುವ ಗಾಡಿಗಳಲ್ಲಿ ಇದು ಇನ್ನೂ ಕೆಡುತ್ತದೆ. ಘಾಟಿ ಇಳಿದು ಬಂದಾಗ ಡಿಸ್ಕ್ ಬಿಸಿಯಿರುತ್ತದೆ, ತಣಿಯುತ್ತಾ ಕುಗ್ಗುತ್ತದೆ, ಹ್ಯಾಂಡ್‌ಬ್ರೇಕಿನ ಹಿಡಿತ ಸಡಿಲವಾಗುತ್ತದೆ. ನಿಲ್ಲಿಸುವಾಗ ಅಲುಗದ ಗಾಡಿ ಹತ್ತು ನಿಮಿಷದ ನಂತರ ಜಾರಬಹುದು. ಕೀಲಿ ತೆಗೆದಿದ್ದರಿಂದ ಸ್ಟೀರಿಂಗ್ ಬೇರೆ ಲಾಕ್.

ವೈರಿಂಗ್‌ನಲ್ಲೂ ಇದೇ ಹ್ಯಾಂಡ್‌ಬ್ರೇಕ್ ತಂಟೆ ಕೊಡುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿದ ಕೂಡಲೇ ಎಂಜಿನ್ ನಿಲ್ಲಲೆಂದು ಟೈಮರಿನ ಒಂದು ವೈರ್ ಅದರ ಸ್ವಿಚ್ಚಿಗೆ ಹೋಗಬೇಕು. ಅವಸರದ ಫಿಟ್ಟರ್ ಅದನ್ನು ನೇರ ಗಾಡಿಯ ಲೋಹದ ಬಾಡಿಗೆ (ಅರ್ಥ್) ಕಟ್ಟಿಬಿಟ್ಟರೆ, ಬ್ರೇಕ್ ಸದಾ ಹಾಕಿದೆಯೆಂದೇ ಟೈಮರ್ ತಿಳಿಯುತ್ತದೆ, ಆ ಕಾವಲು ಹೋಯಿತು. ಸರಿ ಜೋಡಿಸಿದರೂ ಸ್ವಿಚ್ ಸಾಮಾನ್ಯವಾಗಿ ಮೊದಲ ಕಟ್‌ಕಟ್‌ಗೇ ಆನ್ ಆಗುತ್ತದೆ. ಬ್ರೇಕ್ ಪೂರ್ತಿ ಹಿಡಿಯದಿದ್ದರೂ ಟೈಮರಿಗೆ ಎಲ್ಲ ಸರಿಯಿದ್ದಂತೆ. ಹಾಕಿಸಿದವರು ಸಮತಟ್ಟು ಜಾಗದಲ್ಲಿ ಕೀಲಿ ತೆಗೆದು ಹ್ಯಾಂಡ್‌ಬ್ರೇಕ್ ಇಳಿಸಿ ನೋಡಿ. ಎಂಜಿನ್ ಆ ಕ್ಷಣವೇ ನಿಲ್ಲದಿದ್ದರೆ ಗಾಡಿ ವಾಪಸು ಅಂಗಡಿಗೆ. ಇಗ್ನಿಷನ್ ವೈರನ್ನು ಕತ್ತರಿಸಿ ಟೇಪು ಸುತ್ತುವವರಿಗೆ ಕೊಡಲೇಬೇಡಿ. ನಮ್ಮ ಮಳೆಗಾಲದ ಥಂಡಿಗೆ ಆ ಜಾಯಿಂಟ್ ಹಸಿರು ಹಿಡಿದು ಓಡುತ್ತಿರುವಾಗಲೇ ಎಂಜಿನ್ ಆಫ್ ಆದೀತು. ಆ ಮಾಡೆಲ್ಲಿನದೇ ಪ್ಲಗ್-ಇನ್ ಹಾರ್ನೆಸ್ (ವೈರ್ ಕತ್ತರಿಸದೆ ಸಿಕ್ಕಿಸುವ ಜೋಡಣೆ) ಸಿಗದಿದ್ದರೆ ವಿಚಾರ ಅಲ್ಲಿಗೇ ಬಿಡಿ.

ಪುಶ್ ಬಟನ್ ಗಾಡಿಗೆ ಸಾದಾ ಟೈಮರ್ ಆಗುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಅಪಾಯ. ಪೇಟೆ ರಸ್ತೆಯಲ್ಲಿ ಹೀಗೆ ಬಿಟ್ಟು ಹೋಗುವಂತೆಯೂ ಇಲ್ಲ: ಮೋಟಾರು ವಾಹನ ಕಾಯ್ದೆ 1988ರ 126ನೇ ಕಲಮಿನ ಪ್ರಕಾರ ಸಾರ್ವಜನಿಕ ಜಾಗದಲ್ಲಿ ನಿಂತ ವಾಹನದ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಇರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು.

ಹಣ ಬಿಚ್ಚುವ ಮೊದಲು ಬಾನೆಟ್ ತೆರೆದು ಟರ್ಬೋದ ನಡುಭಾಗ ನೋಡಿ. ಆಯಿಲ್ ಬರುವ, ಹೋಗುವ ಎರಡು ಪೈಪುಗಳ ಜೊತೆಗೆ ಕೂಲೆಂಟಿನ (ಎಂಜಿನ್ ತಣಿಸುವ ನೀರಿನ) ಇನ್ನೆರಡು ಪೈಪು ಇದ್ದರೆ, ಎಂಜಿನ್ ನಿಂತ ಮೇಲೂ ಬಿಸಿ ನೀರು ತಾನಾಗಿ ಮೇಲೇರಿ ಹರಿಯುತ್ತಾ ಬೇರಿಂಗನ್ನು ತಣಿಸುತ್ತದೆ. ಹೊಸ ಟರ್ಬೋ ಪೆಟ್ರೋಲ್ ಗಾಡಿಗಳು ಹಲವಕ್ಕೆ ಈ ಕೆಲಸಕ್ಕೆಂದೇ ಎಲೆಕ್ಟ್ರಿಕ್ ಪಂಪ್ ಇದೆ. ಆಯಿಲ್‌ನಿಂದ ಮಾತ್ರ ತಣಿಯುವ ಹಳೆಯ ಡೀಸೆಲ್, ಓಡಿಸುವವರು ನಾಲ್ಕು ಜನ, ಯಾರಿಗೂ ಒಂದು ನಿಮಿಷದ ತಾಳ್ಮೆ ಇಲ್ಲ, ಅಂಗಳ ಮಾತ್ರ ಸಮತಟ್ಟು: ಟೈಮರ್ ಅಂಥವರಿಗೆ.

ಉಳಿದವರು ಆ ದುಡ್ಡನ್ನು ಆಯಿಲಿಗೆ ಹಾಕಿ. ಹತ್ತು ಸಾವಿರ ಕಿಲೋಮೀಟರಿಗೆ ಬದಲಿಸುವುದನ್ನು ಘಾಟಿ ಓಡಾಟ ಹೆಚ್ಚಿದ್ದರೆ ಏಳೂವರೆ ಸಾವಿರಕ್ಕೆ ಇಳಿಸಿ. ಗ್ರೇಡ್ ಮ್ಯಾನುವಲ್ಲಿನಲ್ಲಿ ಇದ್ದದ್ದೇ ಇರಲಿ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ಲಿಗಂತೂ ಬೂದಿ ಕಡಿಮೆ ಬಿಡುವ ಆಯಿಲೇ ಆಗಬೇಕು.